ಅಲ್ಗೊಸ್ ಎಂಬ ಪದವೂ ಅಕ್ಕನ ಮೌನವ್ರತವೂ

ಆ ಶನಿವಾರ ಕೌತಾಳಂನ ಅಕ್ಕನ ಮನೆಯಲ್ಲಿ ನನಗೆ ಬಡಿಸಿದ್ದು ಹೆಸರುಬೇಳೆ ಹುಗ್ಗಿಯೋ ಶಾವಿಗೆ ಪಾಯಸವೋ ಎಂಬುದು ಇಂದಿಗೂ ನನಗೆ ಖಚಿತವಿಲ್ಲ. ಹುಗ್ಗಿ ಎಂದು ನನ್ನ ನಾಲಿಗೆ ಸಾಕ್ಷಿ ಹೇಳುತ್ತದೆ. ಪಾಯಸ ಎಂದು ನನ್ನ ಹೆಂಡತಿ ಆಣೆ ಮಾಡುತ್ತಾಳೆ, ಅಂದು ತಾನು ಅಲ್ಲಿರಲೇ ಇಲ್ಲ ಎಂಬ ಸಣ್ಣ ಅಡ್ಡಿಯನ್ನು ಲೆಕ್ಕಿಸದೆ. ಅವಳ ಆಣೆಯ ಬಲದಿಂದಲೋ ನನ್ನ ನಾಲಿಗೆಯ ದೌರ್ಬಲ್ಯದಿಂದಲೋ, ಈಚೆಗೆ ನೆನಪಿನಲ್ಲಿ ಹುಗ್ಗಿಯ ಮೇಲೆ ಒಂದೆರಡು ಶಾವಿಗೆಯ ಎಳೆಗಳೂ ಕಾಣಿಸಿಕೊಳ್ಳತೊಡಗಿವೆ. ಹೀಗಿರುವ ನೆನಪನ್ನು ನಂಬಿಕೊಂಡು ನಾನು ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದೆ ಎಂಬುದು ನನ್ನ ವಿದ್ಯಾರ್ಥಿಗಳಿಗೆ ತಿಳಿಯದಿರುವುದೇ ಲೇಸು.

ಹುಗ್ಗಿಯ ಮಾತು ಹಾಗಿರಲಿ. ಅದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿತ್ತು. ಅಕ್ಕ ತನಗೆ ನೋವಿದೆಯೆಂದು ನನಗೆ ಮೊದಲೇ ಹೇಳಿದ್ದಳೋ ಇಲ್ಲವೋ? ಹೇಳಿದ್ದೆ ಎಂದು ಅವಳು, ಹೇಳಿಲ್ಲ ಎಂದು ನಾನು. ಎರಡು ವರ್ಷ ನಮ್ಮಿಬ್ಬರ ನಡುವೆ ಈ ಮೊಕದ್ದಮೆ ನಡೆಯಿತು. ಅವಳು ಅದನ್ನು ನಗುನಗುತ್ತಲೇ ನಡೆಸಿದಳು. ನಾನು ಮಾತ್ರ ರಾತ್ರಿ ಮಗ್ಗುಲು ಬದಲಿಸುತ್ತಿದ್ದೆ. ಏಕೆಂದರೆ ಅವಳು ಹೇಳಿದ್ದರೆ, ಮೂರು ತಿಂಗಳು ಆಕೆ ಹಲ್ಲು ಕಚ್ಚಿಕೊಂಡು ಕೂತದ್ದಕ್ಕೆ ಕಾರಣ ನಾನು. ಹೇಳದಿದ್ದರೆ, ಎಲ್ಲರಂತೆ ನಾನೂ ಒಬ್ಬ ದಡ್ಡ, ಅಷ್ಟೇ. ಬದುಕಿನಲ್ಲಿ ಮೊದಲ ಬಾರಿಗೆ ನಾನು ದಡ್ಡತನದ ಪರವಾಗಿ ವಾದಿಸುತ್ತಿದ್ದೆ.

ನನ್ನ ಪರಿಚಯವನ್ನು ಒಂದಿಷ್ಟು ಮಾಡಿಕೊಡಬೇಕು, ಓದುಗ ಮಿತ್ರರೇ, ಇಲ್ಲದಿದ್ದರೆ ಮುಂದಿನ ಮೂರ್ಖತನ ಅಕಾರಣವೆನಿಸೀತು. ಹುಟ್ಟಿದ್ದು ವೈಷ್ಣವರ ಮನೆ, ಹೆಸರು ರಾಘವೇಂದ್ರ. ನಮ್ಮ ಸೀಮೆಯಲ್ಲಿ ಈ ಹೆಸರಿಗೆ ಬರವಿಲ್ಲ. ಆದೋನಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ರಾಘೂ’ ಎಂದು ಕೂಗಿದರೆ ಕನಿಷ್ಠ ನಾಲ್ಕು ಜನ ತಿರುಗಿ ನೋಡುತ್ತಾರೆ, ಒಬ್ಬ ಕಂಡಕ್ಟರು ಸಿಳ್ಳೆ ಹಾಕುತ್ತಾನೆ. ವಿಶ್ವವಿದ್ಯಾಲಯಕ್ಕೆ ಹೋಗಿ ಎಲ್ಲವನ್ನೂ ಸಂಶಯಿಸುವ ವಿದ್ಯೆ ಕಲಿತು ಬಂದೆ. ಜನಿವಾರ ಒಂದು ಮೊಳೆಗೆ, ಪಂಚಾಂಗ ಇನ್ನೊಂದು ಮೊಳೆಗೆ ನೇತುಬಿದ್ದವು. ತೆಲುಗು ಸೀಮೆಗೆ ಸೇರಿದ ಆದೋನಿಯ ಒಂದು ಕಾಲೇಜಿನಲ್ಲಿ ತೆಲುಗಿನಲ್ಲಿ ಇತಿಹಾಸ ಕಲಿಸಿ, ಮನೆಯಲ್ಲಿ ಕನ್ನಡದಲ್ಲಿ ಜಗಳವಾಡಿ, ಮಿಕ್ಕ ಹೊತ್ತಿನಲ್ಲಿ ಯಾರಿಗೂ ಬೇಡವಾದ ಹಳೆಯ ಗ್ರೀಕ್ ಭಾಷೆಯನ್ನು ನಿಘಂಟು ಹಿಡಿದು ಓದುವುದು ನನ್ನ ದಿನಚರಿಯಾಯಿತು. ಹತ್ತಿಯ ಗಿರಣಿಗಳ ಊರಿನಲ್ಲಿ ಕಿಟಕಿ ತೆರೆದರೆ ನಿಘಂಟಿನ ಪುಟಗಳ ಮೇಲೆ ನೂಲಾಗದ ಹತ್ತಿಯ ಎಳೆಗಳು ಬಂದು ಕೂರುತ್ತವೆ. ಅವನ್ನು ಊದಿ ಊದಿ ಓದಿದ ಪದಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪದವೊಂದು: ಅಲ್ಗೊಸ್. ಅದರ ಅರ್ಥ ನೋವು.

ಆದೋನಿಯವನಿಗೆ ನೋವಿನ ಪದಗಳಿಗೇನು ಕೊರತೆ ಎಂದು ನೀವು ಕೇಳಬಹುದು. ಮನೆಯಲ್ಲಿ ನೋವು, ಅಂಗಡಿಯಲ್ಲಿ ತೆಲುಗಿನ ನೊಪ್ಪಿ, ಆಟೋದಲ್ಲಿ ಉರ್ದುವಿನ ದರ್ದು, ಆಸ್ಪತ್ರೆಯಲ್ಲಿ ಪೇನು. ಮೊದಲೆರಡು ಅಕ್ಕತಂಗಿಯರು, ಮುಖ ನೋಡಿದರೇ ತಿಳಿಯುತ್ತದೆ. ಕೊನೆಯದು ಇಂಗ್ಲಿಷಿನ ವೇಷ ತೊಟ್ಟಿದ್ದರೂ ಅದರ ಮುತ್ತಜ್ಜಿ ಗ್ರೀಕಳೇ; ಕೊಲೆಗೆ ಪ್ರತಿಯಾಗಿ ತೆರಬೇಕಾದ ದಂಡಕ್ಕೆ ಗ್ರೀಕರು ಇಟ್ಟ ಹೆಸರು ಲ್ಯಾಟಿನ್ನಿನ ಓಣಿ ಹಾದು ಇಂಗ್ಲಿಷಿಗೆ ಬಂದು, ಕೊನೆಗೆ ನಮ್ಮ ಕಾಂಪೌಂಡರನ ಬಾಯಲ್ಲಿ, ನೋವಿದೆಯಾ ಎಂದು ಕೇಳುವ ‘ಪೇನ್ ಉಂದಾ?’ ಆಗಿದೆ. ನೋವೆಂದರೆ ಶಿಕ್ಷೆ ಎಂಬ ಆ ಪದದ ಭಾವ ನನಗೆ ರುಚಿಸಲಿಲ್ಲ. ಕರ್ಮಸಿದ್ಧಾಂತ ಬೇಡವೆಂದು ಮನೆ ಬಿಟ್ಟವನಿಗೆ ಅದನ್ನೇ ಗ್ರೀಕಿನಲ್ಲಿ ಬಡಿಸಿದಂತಾಯಿತು. ಅಲ್ಗೊಸ್ ಹಾಗಲ್ಲ. ಅದರಲ್ಲಿ ಅಪರಾಧವಿಲ್ಲ, ದಂಡವಿಲ್ಲ. ಗ್ರೀಕರ ಹಳೆಯ ಕಾವ್ಯಗಳಲ್ಲಿ ಅದು ಹೆಚ್ಚಾಗಿ ಬಹುವಚನದಲ್ಲಿ ಬರುತ್ತದೆ, ಕುರಿಗಳ ಹಿಂಡಿನ ಹಾಗೆ. ಮೈಯ ಗಾಯಕ್ಕೂ ಅದೇ, ಮಗನನ್ನು ಕಳೆದುಕೊಂಡ ತಾಯಿಯ ಸಂಕಟಕ್ಕೂ ಅದೇ. ಮೈಗೊಂದು ಮನಸ್ಸಿಗೊಂದು ಎಂದು ನೋವನ್ನು ಪಾಲು ಮಾಡುವ ಬುದ್ಧಿ ಆ ಪದಕ್ಕೆ ಇನ್ನೂ ಬಂದಿರಲಿಲ್ಲ.

ಆಮೇಲೆ ವೈದ್ಯರು ಬಂದರು. ಪದವನ್ನು ಕತ್ತರಿಸಿ ಬಾಲ ಮಾಡಿ, ಅಂಗಾಂಗಗಳ ಹೆಸರಿನ ಹಿಂದೆ ಕಟ್ಟಿದರು. ನರದ ನೋವಿಗೆ ನ್ಯೂರಾಲ್ಜಿಯಾ, ನೋವಿಲ್ಲದಂತೆ ಮಾಡುವ ಮಾತ್ರೆಗೆ ಅನಾಲ್ಜೆಸಿಕ್. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ನಮ್ಮ ‘ನರ’ವೂ ಗ್ರೀಕಿನ ‘ನ್ಯೂರೊನ್’ನೂ ಒಂದೇ ತಾಯಿಯ ಮಕ್ಕಳೆಂದು ಹತ್ತು ವರ್ಷ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ. ಆಮೇಲೆ ತಿಳಿಯಿತು, ನರ ನಮ್ಮ ದ್ರಾವಿಡದ ಕೂಸು; ಗ್ರೀಕಿನ ಆ ಪದಕ್ಕೆ ದಾಯಾದಿಯಾಗುವುದು ಸಂಸ್ಕೃತದ ‘ಸ್ನಾಯು’. ಆ ಹತ್ತು ವರ್ಷದ ವಿದ್ಯಾರ್ಥಿಗಳೆಲ್ಲ ಈಗ ಎಲ್ಲೆಲ್ಲಿ ಆ ತಪ್ಪನ್ನು ಹಂಚುತ್ತಿದ್ದಾರೋ! ಇನ್ನು ಮುನ್ನೂರು ವರ್ಷಗಳ ಹಿಂದೆ ಯುರೋಪಿನ ಒಬ್ಬ ವೈದ್ಯವಿದ್ಯಾರ್ಥಿ, ದೂರದೇಶದಲ್ಲಿ ಮನೆಯ ಹಂಬಲದಿಂದ ಬಡವಾಗುತ್ತಿದ್ದವರ ಕಾಯಿಲೆಗೆ ಹೆಸರು ಬೇಕೆಂದು, ಮನೆಗೆ ಮರಳುವುದು ಎಂಬರ್ಥದ ಪದಕ್ಕೆ ಅಲ್ಗೊಸ್ಸನ್ನು ಗಂಟು ಹಾಕಿ ‘ನಾಸ್ಟಾಲ್ಜಿಯಾ’ ಮಾಡಿದ. ಅದು ಆಗ ರೋಗ. ಈಗ ನಾವು ಹಳೆಯ ಫೋಟೋ ನೋಡಿ ಚಪ್ಪರಿಸುವ ಸಿಹಿ. ಪದಗಳು ಗುಣವಾಗುವ ಬಗೆ ಹೀಗೆ. ಮನುಷ್ಯರದು ಅಷ್ಟು ಸುಲಭವಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ ಸಂಗತಿ ಆ ಪದದ ಹುಟ್ಟು. ಅಲ್ಗೊಸ್ ಎಲ್ಲಿಂದ ಬಂತೆಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ‘ಅಲೆಗೇನ್’ ಎಂಬ ಕ್ರಿಯಾಪದಕ್ಕೂ ಇದಕ್ಕೂ ರಕ್ತಸಂಬಂಧ ಇರಬಹುದೆಂದು ಕೆಲವರು ಹೇಳುತ್ತಾರೆ. ಅದರ ಅರ್ಥ ಲಕ್ಷ್ಯ ಕೊಡು, ಕಾಳಜಿ ಮಾಡು. ಇನ್ನು ಕೆಲವರು ತಲೆಯಾಡಿಸಿ, ಗೊತ್ತಿಲ್ಲ ಎನ್ನುತ್ತಾರೆ. ಗೊತ್ತಿಲ್ಲ ಎನ್ನುವವರ ಮೇಲೆ ನನಗೆ ಯಾವಾಗಲೂ ಗೌರವ ಜಾಸ್ತಿ. ಆದರೂ ಮೊದಲನೆಯ ಊಹೆ ಎಷ್ಟು ಚಂದವಾಗಿತ್ತೆಂದರೆ, ಸಂಶಯವನ್ನು ಒಂದು ದಿನ ಮೊಳೆಗೆ ನೇತುಹಾಕಿ ನಾನು ಅದನ್ನು ಅಪ್ಪಿಕೊಂಡುಬಿಟ್ಟೆ. ಎರಡು ವರ್ಷದ ಹಿಂದಿನ ಆ ಬೇಸಗೆ ಪೂರ್ತಿ, ಚಹಾ ಕೊಟ್ಟವರಿಗೆ, ಕೊಡದವರಿಗೆ, ಬಸ್ಸಿನಲ್ಲಿ ಪಕ್ಕ ಕೂತು ತಪ್ಪಿಸಿಕೊಳ್ಳಲಾಗದವರಿಗೆ ಅದನ್ನೇ ಹೇಳಿದೆ: ನೋವೆಂದರೆ ಲಕ್ಷ್ಯ, ನೋವೆಂದರೆ ಲಕ್ಷ್ಯ. ನಂದವರಂನ ಒಬ್ಬ ಹಿರಿಯರು ಅರ್ಧ ದಾರಿಯಲ್ಲೇ ಬಸ್ಸಿಳಿದರು. ಅವರ ಊರು ಇನ್ನೂ ದೂರವಿತ್ತು.

ಇನ್ನು ಕೌತಾಳಂಗೆ ಬರೋಣ. ಅಲ್ಲಿ ನನ್ನ ಅಕ್ಕ ಪದ್ಮಾವತಿ, ನನಗಿಂತ ಆರು ವರ್ಷ ದೊಡ್ಡವಳು. ಭಾವ ಗುಡಿಯ ಅರ್ಚಕರು, ಸಂಸ್ಕೃತ ಬಲ್ಲವರು, ನನ್ನ ಜೊತೆ ವಾದ ಮಾಡಲೆಂದೇ ದೇವರು ಸೃಷ್ಟಿಸಿದವರು. ದೇವರೊಬ್ಬ ಇದ್ದಾನೆಂದು ನಾನು ನಂಬುವುದು ಆ ಒಂದು ಕೆಲಸದ ಮಟ್ಟಿಗೆ. ಆಷಾಢದ ಏಕಾದಶಿ ಕಳೆದರೆ ಅವರ ಮನೆಯಲ್ಲಿ ಚಾತುರ್ಮಾಸ್ಯ ಶುರು. ನಾಲ್ಕು ತಿಂಗಳಿಗೆ ನಾಲ್ಕು ವ್ರತ: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಇದನ್ನೆಲ್ಲ ನಾನು ಚಿಕ್ಕಂದಿನಲ್ಲಿ ಅನುಭವಿಸಿದವನೇ, ಆದ್ದರಿಂದ ಹೊರಗಿನಿಂದ ಗೇಲಿ ಮಾಡುವ ಅಧಿಕಾರ ನನಗಿದೆ ಎಂದು ತಿಳಿದಿದ್ದೆ.

ಆ ವರ್ಷ ಅಕ್ಕ ಎಲ್ಲರಿಗಿಂತ ಮುಂದೆ ಹೋದಳು. ತರಕಾರಿಯ ಜೊತೆಗೆ ರೊಟ್ಟಿಯನ್ನೂ ಬಿಟ್ಟಳು. ಆಮೇಲೆ ಅನ್ನವನ್ನೂ ಬಿಟ್ಟು ಗಂಜಿ ಕುಡಿಯತೊಡಗಿದಳು. ಮಾತು ಕಡಿಮೆಯಾಯಿತು, ಒಂದು ದಿನ ನಿಂತೇಹೋಯಿತು. ಮಂಗಳಾರತಿಯ ಹೊತ್ತಿನಲ್ಲಿ ಕಣ್ಣು ಮುಚ್ಚಿ ಅಲುಗದೆ ನಿಲ್ಲುತ್ತಿದ್ದಳು, ಕಣ್ಣಿಂದ ನೀರು ಹರಿಯುತ್ತಿತ್ತು. ‘ಪದ್ಮಕ್ಕ ಮೌನವ್ರತ ಹಿಡಿದಾಳ’ ಎಂದು ಓಣಿಯಲ್ಲಿ ಮೊದಲು ಯಾರು ಹೇಳಿದರೋ ಗೊತ್ತಿಲ್ಲ. ಹೇಳಿದ ಮೇಲೆ ಅದು ವ್ರತವೇ ಆಯಿತು. ಹೆಂಗಸರು ಬಂದು ಕಾಲಿಗೆ ಬೀಳತೊಡಗಿದರು. ಹೊಸದಾಗಿ ಮದುವೆಯಾದವರು ಆಕೆಯ ಕೈಯಿಂದ ಕುಂಕುಮ ಹಚ್ಚಿಸಿಕೊಂಡು ಹೋದರು. ಭಾವ ಬಂದವರಿಗೆ ದನಿ ತಗ್ಗಿಸಿ, ‘ಭಾಳ ಕಠಿಣ ವ್ರತರೀ, ನಾವಂತೂ ಮಾಡ್ಲಿಕ್ಕಾಗೂದಿಲ್ಲ’ ಎನ್ನುತ್ತಿದ್ದರು. ಹೆಂಡತಿಯ ಪುಣ್ಯದಲ್ಲಿ ಅರ್ಧ ತಮಗೆ ಸಲ್ಲುವುದೆಂಬ ಸಂಕೋಚದಿಂದ ಪಾಪ ತಾವೂ ಒಂದು ಹೊತ್ತಿನ ಊಟ ಬಿಟ್ಟಿದ್ದರು.

ನಾನು ಆದೋನಿಯಿಂದ ಬಸ್ ಹತ್ತಿ ಹೋದದ್ದು ಶ್ರಾವಣದ ಒಂದು ಶನಿವಾರ, ಊಟಕ್ಕೆ. ಅಕ್ಕ ಬಾಗಿಲಲ್ಲಿ ನಕ್ಕಳು, ಮುಖದ ಅರ್ಧದಿಂದ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಇದನ್ನು ಕಂಡೆನೇ? ಕಂಡೆ. ಕಂಡು ಏನೆಂದುಕೊಂಡೆ? ಮೂಢನಂಬಿಕೆ ಮನುಷ್ಯನನ್ನು ಹೇಗೆ ಸೊರಗಿಸುತ್ತದೆ ಎಂದುಕೊಂಡೆ. ಇದರ ಬಗ್ಗೆ ಒಂದು ಲೇಖನ ಬರೆಯಬೇಕೆಂದೂ ಅಂದುಕೊಂಡೆನೇನೋ. ಈಗ ಯೋಚಿಸಿದರೆ ಸೋಜಿಗವಾಗುತ್ತದೆ. ಭಕ್ತರೆಲ್ಲ ಆಕೆಯಲ್ಲಿ ಭಕ್ತಿಯನ್ನು ಕಂಡರು, ನಾಸ್ತಿಕನಾದ ನಾನೂ ಅದನ್ನೇ ಕಂಡೆ. ಅವರು ಕೈ ಮುಗಿದರು, ನಾನು ಮೂಗು ಮುರಿದೆ. ವ್ರತದ ವಿಷಯದಲ್ಲಿ ಇಡೀ ಓಣಿಯೊಂದಿಗೆ ನನಗಿದ್ದ ಒಮ್ಮತ ಅದೊಂದೇ.

ಪಡಸಾಲೆಯಲ್ಲಿ ಊಟಕ್ಕೆ ಕೂತೆವು. ಹಿತ್ತಲ ಬಾಗಿಲ ಹತ್ತಿರ ಈರಮ್ಮ ಶೇಂಗಾ ಸುಲಿಯುತ್ತಿದ್ದಳು. ಈರಮ್ಮ ಚಿಪ್ಪಗಿರಿ ಕಡೆಯಿಂದ ಕೌತಾಳಂಗೆ ಸೊಸೆಯಾಗಿ ಬಂದವಳು, ಹೊಲದ ಕೂಲಿ ಇದ್ದಾಗ ಹೊಲ, ಇಲ್ಲದಾಗ ಅಕ್ಕನ ಮನೆಯ ಹಿತ್ತಲ ಕೆಲಸ. ನಾನು ಎಲೆಯ ಮುಂದೆ ಕೂತವನೇ ಭಾವನನ್ನು ಕೆಣಕಿದೆ.

‘ಏನ್ರೀ ಭಾವಾ, ನಿಮ್ಮ ದೇವರಿಗೆ ಹೆಂಗಸರು ಹಸದು ಅತ್ತರ ಮಾತ್ರ ಸಮಾಧಾನ ಏನು?’

‘ಹಸದು ಅಳೂದಲ್ಲಪಾ ಅದು, ಆನಂದಬಾಷ್ಪ,’ ಎಂದರು ಭಾವ, ಅಕ್ಕನತ್ತ ಭಕ್ತಿಯಿಂದ ನೋಡುತ್ತ. ‘ನಿನಗ ಹ್ಯಾಂಗ ತಿಳೀಬೇಕು? ನೀ ಗ್ರೀಕರವ.’

‘ನೋವು ತಿಂದು ಪುಣ್ಯ ಬರ್ತದ ಅನ್ನೂದು ನಿಮ್ಮ ಕಡೆ ಮಾತು. ಗ್ರೀಕರು ನೋವಿಗೆ ಏನಂತಿದ್ರು ಗೊತ್ತೇನು? ಅಲ್ಗೊಸ್!’

‘ನಮ್ಮಲ್ಲಿ ವೇದನಾ. ವಿದ್ ಧಾತು. ತಿಳಿಯೂದು, ತಿಳಿಸೂದು. ವೇದಕ್ಕೂ ಅದ ಧಾತು, ವೇದನಾಕ್ಕೂ ಅದ. ನಿನ್ನ ಗ್ರೀಕರದು ಏನದ ತೋರ್ಸು ನೋಡೋಣ.’

ಇದು ನನಗೆ ಬೇಕಾದ ಪಂದ್ಯ. ಎಡಗೈಯನ್ನು ಗಾಳಿಯಲ್ಲಿ ಆಡಿಸುತ್ತ, ಬಲಗೈಯ ಹುಗ್ಗಿ (ಅಥವಾ ಪಾಯಸ) ಒಣಗುವವರೆಗೆ ನಾನು ಅಲ್ಗೊಸ್‌ನ ವಂಶಾವಳಿಯನ್ನು ಬಿಡಿಸಿಟ್ಟೆ. ನೋವಿನ ಮೂಲದಲ್ಲಿ ಲಕ್ಷ್ಯವಿದೆ ಎಂದೆ. ಇನ್ನೊಬ್ಬರ ಕಡೆ ಲಕ್ಷ್ಯ ಕೊಡುವುದು, ಅದೇ ನಾಗರಿಕತೆ ಎಂದೆ. ಅಕ್ಕ ಕಂಬಕ್ಕೊರಗಿ, ಸೆರಗಿನಿಂದ ಬಲಗೆನ್ನೆ ಮುಚ್ಚಿಕೊಂಡು, ನಮ್ಮಿಬ್ಬರನ್ನೂ ಸರದಿಯಂತೆ ನೋಡುತ್ತಿದ್ದಳು.

ಆಗ ಈರಮ್ಮ ಮಾತಾಡಿದಳು. ಶೇಂಗಾದಿಂದ ಕಣ್ಣೆತ್ತದೆ.

‘ಮೇಷ್ಟ್ರ, ಒಂದು ಕೇಳ್ಳೇನ್ರಿ? ನಮ್ಮ ಎತ್ತು ಒಂದ ಕಡಿಗೆ ಮೇವು ನುರಸಾಕ ಹತ್ತಿದ್ರ ನಾವು ಬಾಯಿ ಬಿಡಿಸಿ ನೋಡ್ತೀವಿ. ವ್ರತ ಹಿಡದೈತಿ ಅಂತ ಕೈ ಮುಗಿಯಂಗಿಲ್ರಿ.’

‘ಏ ಈರಮ್ಮಾ,’ ಭಾವ ದನಿಯೇರಿಸಿದರು, ‘ಎತ್ತಿಗೂ ಆಕಿಗೂ ಸರಿ ಮಾಡ್ತಿಯೇನು?’

‘ತಪ್ಪಾಗಿದ್ರ ಬೈರಿ ಸಾಮೀ. ಎತ್ತಿನ ಮ್ಯಾಲರ ನಮಗ ಲಕ್ಷ್ಯ ಇರತೈತಿ. ಅಮ್ಮಾರು ಎಷ್ಟು ದಿನಾತು ಬಲಗೆನ್ನಿಗೆ ನೀರು ಮುಟ್ಟಿಸಿ? ಅರಿಶಿಣ ಹಚ್ಚಿದ್ರ ಎಡಕಿನ ಕೆನ್ನಿಗೆ ಒಂದ. ನೋಡ್ರಿ ಈಗ, ಹೌದೋ ಅಲ್ಲೋ ನೋಡ್ರಿ. ಸೆರಗಿನ ತುದಿಗೆ ಲವಂಗ ಕಟಿಗೊಂಡಾರ. ಫ್ಯಾನ್ ಹಾಕಿದ್ರ ಎದ್ದು ಹೋಗ್ತಾರ. ಇದು ಯಾವ ವ್ರತರಿ? ನಮ್ಮ ಕಡಿ ಇದಕ್ಕ ನೋವು ಅಂತಾರ.’

ನಾವಿಬ್ಬರೂ ತಿರುಗಿ ನೋಡಿದೆವು. ಅಕ್ಕನ ಎಡಗೆನ್ನೆ ಹಳದಿಯಾಗಿತ್ತು. ಸೆರಗು ಜಾರಿದ ಬಲಗೆನ್ನೆ ಬರಿದಾಗಿ, ಒಣಗಿ, ಬೇರೆ ಯಾರದೋ ಮುಖದ ಹಾಗಿತ್ತು. ಆ ಮುಖವನ್ನು ನಾನು ಅರವತ್ತು ವರ್ಷ ನೋಡಿದ್ದೇನೆ.

‘ಹೌದೇನs ಪದ್ಮಾ?’ ಎಂದರು ಭಾವ. ದನಿಯಲ್ಲಿ ಸಂಸ್ಕೃತವೆಲ್ಲ ಇಳಿದುಹೋಗಿತ್ತು.

ಅಕ್ಕ ‘ಹೌದು’ ಎನ್ನಲು ಬಾಯಿ ತೆರೆದಳು. ‘ಹೌ’ ಎನ್ನುವಷ್ಟರಲ್ಲಿ ಅದು ಬಂತು. ಏನೋ ಒಳಗಿನಿಂದ ಹೊಡೆದಂತೆ ಆಕೆಯ ಕಣ್ಣು ಮುಚ್ಚಿತು, ಕೈ ಮೇಲೆದ್ದು ಕೆನ್ನೆಯಿಂದ ಒಂದು ಅಂಗುಲ ದೂರದಲ್ಲಿ, ಮುಟ್ಟಲು ಹೆದರಿ, ಗಾಳಿಯಲ್ಲಿ ನಿಂತಿತು. ಎಷ್ಟು ಹೊತ್ತು ಹಾಗಿದ್ದಳೋ ಹೇಳಲಾರೆ. ಕಣ್ಣಿಂದ ನೀರು ಇಳಿಯಿತು. ಓಣಿಯ ಹೆಂಗಸರು ಕೈ ಮುಗಿಯುತ್ತಿದ್ದದ್ದು ಆ ನೀರಿಗೆ.

ಇಲ್ಲಿ ನಿಂತು ನನ್ನ ಮೇಲೆಯೇ ಒಂದು ಆಕ್ಷೇಪಣೆ ಎತ್ತಬೇಕು. ‘ಲಕ್ಷ್ಯ ಕೊಡುವುದೇ ನಾಗರಿಕತೆ’ ಎಂದು ನಾನು ಹೇಳಿ ಮುಗಿಸುವುದಕ್ಕೂ ಈರಮ್ಮ ಬಾಯಿ ತೆರೆಯುವುದಕ್ಕೂ ಇಷ್ಟು ಅಚ್ಚುಕಟ್ಟಾಗಿ ತಾಳ ಕೂಡಿತ್ತೇ? ಜೀವನ ಇಷ್ಟು ಚೆನ್ನಾಗಿ ಸಂಪಾದಿಸಿದ ಪಠ್ಯವಲ್ಲವೆಂದು ನನಗೆ ಗೊತ್ತು. ಬಹುಶಃ ಆ ವಾಕ್ಯವನ್ನು ನಾನು ಆಮೇಲೆ, ಮನೆಗೆ ಬರುವ ದಾರಿಯಲ್ಲಿ, ನನ್ನನ್ನು ನಾನೇ ಇನ್ನಷ್ಟು ಚೆನ್ನಾಗಿ ಹಂಗಿಸಿಕೊಳ್ಳಲೆಂದು ಸೇರಿಸಿಕೊಂಡಿರಬೇಕು. ಪಶ್ಚಾತ್ತಾಪದಲ್ಲೂ ಮನುಷ್ಯನಿಗೆ ಒಳ್ಳೆಯ ಪಾತ್ರ ಬೇಕು. ಇನ್ನೂ ನಾಚಿಕೆಯ ಮಾತೆಂದರೆ, ಮೊದಲ ಒಂದು ವರ್ಷ ನಾನು ಈ ಕತೆಯನ್ನು ಹೇಳುವಾಗ ಅಕ್ಕನ ನೋವನ್ನು ಪತ್ತೆ ಮಾಡಿದವನು ನಾನೇ ಆಗಿದ್ದೆ. ಈರಮ್ಮ ಅದರಲ್ಲಿ ಶೇಂಗಾ ಸುಲಿಯುತ್ತಿದ್ದಳು, ಅಷ್ಟೇ. ‘ಎತ್ತಿನ ಮಾತು ಈರಮ್ಮಂದಲ್ಲೇನ್ರೀ? ಭಾವ ಅವತ್ತೇ ಫೋನಿನ್ಯಾಗ ಹೇಳಿದ್ರಲ್ಲ’ ಎಂದು ಹೆಂಡತಿ ಒಮ್ಮೆ ಎಲ್ಲರೆದುರು ಕೇಳಿದ ಮೇಲೆ ಈರಮ್ಮನ ಎತ್ತನ್ನು ಈರಮ್ಮನಿಗೆ ಹಿಂತಿರುಗಿಸಿದೆ.

ಸೋಮವಾರ ಅಕ್ಕನನ್ನು ಆದೋನಿಗೆ ಕರೆತಂದೆವು. ಆಟೋದಲ್ಲಿ ಗಾಳಿ ಬಡಿಯಬಾರದೆಂದು ಈರಮ್ಮ ಅಕ್ಕನ ಬಲಕ್ಕೆ ಗೋಡೆಯ ಹಾಗೆ ಕೂತಿದ್ದಳು. ಕೂಲಿ ಬಿಟ್ಟು ಬರುತ್ತೇನೆಂದು ತಾನೇ ಹೊರಟು ನಿಂತಿದ್ದಳು. ಡಾಕ್ಟರಮ್ಮ ತೆಲುಗಿನವರು. ‘ನೊಪ್ಪಿ ಎಲಾ ಉಂಟುಂದಮ್ಮಾ?’ ಎಂದು ಕೇಳಿ, ಪೆನ್ನು ಕೆಳಗಿಟ್ಟು, ಕಾದರು. ನೋವು ಹೇಗಿರುತ್ತದೆ ಎಂಬ ಆ ಮೂರು ಪದದ ಪ್ರಶ್ನೆಯನ್ನು, ಮೂರು ಭಾಷೆ ಬಲ್ಲ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ‘ಕರೆಂಟು ಕೊಟ್ಟಿನಟ್ಲು,’ ಎಂದಳು ಅಕ್ಕ, ತುಟಿ ಅಲುಗದಂತೆ. ಕರೆಂಟು ಹೊಡೆದಂತೆ. ಮುಖ ತೊಳೆದರೆ ಬರುತ್ತದೆ, ಅಗಿದರೆ ಬರುತ್ತದೆ, ಮಾತಾಡಿದರೆ ಬರುತ್ತದೆ. ಡಾಕ್ಟರಮ್ಮ ತಲೆಯಾಡಿಸಿ ಚೀಟಿಯ ಮೇಲೆ ಒಂದು ಪದ ಬರೆದರು. ನಾನು ಬಗ್ಗಿ ಓದಿದೆ: ನ್ಯೂರಾಲ್ಜಿಯಾ.

ಅಲ್ಗೊಸ್! ನನ್ನ ಬೇಸಗೆಯ ಗೆಳೆಯ, ಆದೋನಿಯ ಒಂದು ಓಣಿಯ ಆಸ್ಪತ್ರೆಯ ಚೀಟಿಯ ಮೇಲೆ! ‘ಮೇಡಂ, ಈ ಮಾಟಕಿ ಅರ್ಥಂ…’ ಎಂದು ಆ ಪದದ ಅರ್ಥ ಹೇಳಲು ಶುರು ಮಾಡಿಯೇಬಿಟ್ಟೆ. ಡಾಕ್ಟರಮ್ಮ ನನ್ನ ಕಡೆ ನೋಡದೆ, ಅತ್ಯಂತ ಮರ್ಯಾದೆಯಿಂದ, ‘ಸಾರ್, ಮೀರು ಕೊಂಚೆಂ ಬಯಟ ಕೂರ್ಚೋಂಡಿ’ ಎಂದರು. ನಾನು ಸ್ವಲ್ಪ ಹೊರಗೆ ಹೋಗಿ ಕೂತೆ. ಈರಮ್ಮ ಒಳಗಿದ್ದಳು.

ಕರ್ನೂಲಿನ ನರರೋಗದ ಡಾಕ್ಟರೂ ಅದೇ ಪದವನ್ನು ಇನ್ನೂ ಉದ್ದವಾಗಿ ಬರೆದರು. ಮಾತ್ರೆ ಶುರುವಾಯಿತು. ಹದಿನೈದು ದಿನಕ್ಕೆ ಅಕ್ಕ ಗಂಜಿ ಬಿಟ್ಟು ಅನ್ನ ಉಂಡಳು, ಒಂದು ತಿಂಗಳಿಗೆ ರೊಟ್ಟಿ ಮುರಿದಳು. ಮತ್ತೆ ಬರಬಹುದು, ಬಂದರೆ ತಡಮಾಡದೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಚಾತುರ್ಮಾಸ್ಯದ ನಟ್ಟನಡುವೆ ಪದ್ಮಕ್ಕನ ಮೌನ ಮುರಿದದ್ದಕ್ಕೆ ಓಣಿಯಲ್ಲಿ ಸಣ್ಣ ನಿರಾಸೆಯೂ ಆಯಿತಂತೆ.

ಬಾಯಿ ಬಂದ ಮೇಲೆ ಅಕ್ಕನನ್ನು ಕೇಳಿದೆ, ‘ಯಾರಿಗೂ ಹೇಳದ ಯಾಕ ಸುಮ್ನ ಕೂತಿದ್ದಿ?’

‘ಮಾತಾಡಿದ್ರ ಜೀವ ಹೋಗ್ತಿತ್ತಲ್ಲೋ. ಸುಮ್ಮನಾದೆ. ವ್ರತ ಅಂದ್ರು. ಹೂಂ ಅಂದೆ. ವ್ರತ ಅಂದ್ರ ಯಾಕ ಉಣವಲ್ಲಿ, ಯಾಕ ಮಾತಾಡವಲ್ಲಿ ಅಂತ ಯಾರೂ ಕಾಡಂಗಿಲ್ಲ ನೋಡು.’ ಎಡಗಡೆ ಒಂದು ತುತ್ತು ಅಗಿದು ನುಂಗಿದಳು. ‘ಮತ್ತ ಯಾರಿಗೂ ಹೇಳಿಲ್ಲ ಅಂತ ಯಾಕ ಅಂತಿ? ನಿನಗ ಹೇಳಿದ್ನಲ್ಲೋ ರಾಘ್ಯಾ. ವೈಶಾಖದಾಗ, ಇನ್ನೂ ಮಾತಾಡ್ಲಿಕ್ಕೆ ಬರ್ತಿತ್ತಲ್ಲ, ಆಗ.’

‘ನನಗ? ಇಲ್ಲs ಇಲ್ಲ. ನೀ ಹೇಳಿದ್ರ ನಾ ಬಿಡ್ತಿದ್ನೇನು?’

‘ಆಯ್ತಪಾ, ಹೇಳಿಲ್ಲ ಬಿಡು,’ ಎಂದು ನಕ್ಕಳು. ಈಗ ಪೂರ್ತಿ ಮುಖದಿಂದ.

ಆ ನಗೆಯೇ ನನ್ನನ್ನು ಎರಡು ವರ್ಷ ಕಾಡಿದ್ದು. ವಾದಿಸಿದ್ದರೆ ಗೆಲ್ಲುತ್ತಿದ್ದೆ, ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಬಿಟ್ಟುಕೊಟ್ಟವರೊಡನೆ ಏನು ಮಾಡುವುದು? ನಾನು ನನ್ನ ಪರವಾಗಿ ವಕಾಲತ್ತು ಹೂಡಿದೆ. ಔಷಧಿಯಿಂದ ಆಕೆಗೆ ಮರೆವು ಬಂದಿರಬೇಕು, ಎಂದೆ. ಹೇಳಬೇಕೆಂದು ಅಂದುಕೊಂಡದ್ದನ್ನೇ ಹೇಳಿದ್ದೆನೆಂದು ಜನ ನೆನೆಯುವುದುಂಟು, ಎಂದೆ. ನೆನಪು ಎಷ್ಟು ಅವಿಶ್ವಸನೀಯ ಎಂಬುದರ ಬಗ್ಗೆ ನನ್ನ ಓದೆಲ್ಲ ಈಗ ಅಕ್ಕನ ವಿರುದ್ಧ ಸಾಕ್ಷಿಗೆ ಬಂತು. ಸಂಶಯವಾದ ಎಂಬುದು ಎಷ್ಟು ಅನುಕೂಲದ ಕೊಡೆ ಎಂದು ನನಗೆ ತಿಳಿದದ್ದು ಆಗ. ಇನ್ನೊಬ್ಬರ ನೆನಪಿನ ಮೇಲೆ ಮಳೆ ಬೀಳುವಾಗ ಅದು ನನ್ನ ತಲೆಯ ಮೇಲೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಪರಿಶೀಲಿಸಲು ದಾರಿಯಿತ್ತು. ಆ ಬೇಸಗೆಯ ನನ್ನ ಹಳೆಯ ಫೋನು ಗಾಜು ಒಡೆದು ಕಪಾಟಿನಲ್ಲಿ ಬಿದ್ದಿತ್ತು. ಸಾಕ್ಷ್ಯಾಧಾರವಿಲ್ಲದೆ ಯಾವುದನ್ನೂ ನಂಬಬೇಡಿರೆಂದು ಮೂವತ್ತು ವರ್ಷ ಬೋಧಿಸಿದವನು, ಕೈಯಳತೆಯಲ್ಲಿದ್ದ ಆಧಾರವನ್ನು ಎರಡು ವರ್ಷ ಮುಟ್ಟಲಿಲ್ಲ. ಚಾರ್ಜರು ಸಿಗುತ್ತಿಲ್ಲ ಎಂದುಕೊಂಡೆ. ಚಾರ್ಜರು ಫೋನಿನ ಪಕ್ಕದಲ್ಲೇ ಇತ್ತು. ಕಳೆದ ತಿಂಗಳು ಅಕ್ಕನಿಗೆ ಮತ್ತೆ ಸಣ್ಣಗೆ ನೋವು ಮರಳಿತು. ಈ ಸಲ ಆಕೆ ಫೋನು ಮಾಡಿದ್ದು ಈರಮ್ಮನಿಗೆ. ಈರಮ್ಮ ಆಟೋ ಕರೆಸಿ, ಭಾವನನ್ನು ಎಬ್ಬಿಸಿ, ಮೂವರೂ ಆಸ್ಪತ್ರೆ ಮುಟ್ಟಿದ ಮೇಲೆ ನನಗೆ ಸುದ್ದಿ ಬಂತು. ಮಾತ್ರೆ ಹೆಚ್ಚಿಸಿದರು, ಆಕೆ ಚೇತರಿಸಿಕೊಂಡಳು. ಆ ಸಂಜೆ ನಾನು ಹಳೆಯ ಫೋನನ್ನು ಪ್ಲಗ್ಗಿಗೆ ಹಾಕಿದೆ.

ಸಂದೇಶ ಅಲ್ಲಿತ್ತು. ವೈಶಾಖದ್ದು. ಅಕ್ಕನ ದನಿಯಲ್ಲಿ, ಒಂದು ನಿಮಿಷಕ್ಕೂ ಕಡಿಮೆ: ‘ರಾಘ್ಯಾ, ಮುಖ ತೊಳಕೊಂಡ್ರ ಕೆನ್ನಿಯೊಳಗ ಮಿಂಚು ಹೊಡದಂಗ ಆಗ್ತದೋ. ನಿಮ್ಮ ಭಾವಗ ಹೇಳಿಲ್ಲ, ಗಾಬರಿ ಆಗ್ತಾರ. ಇದು ಏನಿರಬಹುದು? ಓದಿದಾವ ಇದ್ದಿ, ಒಂದೀಟು ಹೇಳು.’ ನಾನು ಅದನ್ನು ಆಗಲೇ ಕೇಳಿದ್ದೆನೆಂಬ ಗುರುತೂ ಪಕ್ಕದಲ್ಲಿತ್ತು. ಅದರ ಕೆಳಗೆ, ಹತ್ತೇ ನಿಮಿಷದ ಅಂತರದಲ್ಲಿ, ನನ್ನ ಉತ್ತರ, ನನ್ನದೇ ದನಿಯಲ್ಲಿ, ಏಳು ನಿಮಿಷದ್ದು. ತಪ್ಪು ಕೇಳಿರಬಾರದೆಂದು ಅದನ್ನು ಎರಡು ಸಲ ಪೂರ್ತಿ ಕೇಳಿ ಖಚಿತಪಡಿಸಿಕೊಂಡಿದ್ದೇನೆ: ಅಲ್ಗೊಸ್ ಎಂಬ ಪದ ಅದರಲ್ಲಿ ಹದಿನಾಲ್ಕು ಬಾರಿ ಬರುತ್ತದೆ, ಅಕ್ಕನ ಕೆನ್ನೆ ಒಂದು ಸಲವೂ ಬರುವುದಿಲ್ಲ.